ಹಳದಿ ಮುಚ್ಚಳ

ಸದ್ದು ಸಣ್ಣದಾಗುತ್ತಿದೆ, ಮೊದಲು ಸಿಳ್ಳೆ, ಆಮೇಲೆ ಗೊರಗೊರ, ಕೊನೆಗೆ ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಹಾಗೆ ಒಂದು ಕಿರ್ ಎಂದು ರಕ್ತ ತಿರುಗಿಸುವ ಯಂತ್ರ ನಿಲ್ಲುತ್ತದೆ, ಅದರ ಮುಚ್ಚಳದ ಗಾಜಿನಲ್ಲಿ ನನ್ನ ಮುಖ — ಟ್ಯೂಬ್‌ಲೈಟಿನ ಕೆಳಗೆ ಕೆನ್ನೆಯ ಮೊಡವೆ ಗುಳಿಗಳೆಲ್ಲ ಎದ್ದು ಕಾಣುವ ನಲವತ್ತೇಳು ವರ್ಷದ ಮುಖ — ಅದರ ಹಿಂದೆ, ಗಾಜಿನ ಆಚೆ, ಎರಡೇ ಎರಡು ಟ್ಯೂಬು, ಎದುರು ಬದುರು, ಒಂದರ ತೂಕಕ್ಕೆ ಇನ್ನೊಂದು ಇರಲೇಬೇಕು, ಇಲ್ಲದಿದ್ದರೆ ಯಂತ್ರ ಮೇಜಿನ ಮೇಲೆ ಕುಣಿಯುತ್ತದೆ, ಬೇರೆ ದಿನವಾದರೆ ತೂಕಕ್ಕೆ ನೀರು ತುಂಬಿದ ಟ್ಯೂಬು ಇಡುತ್ತಿದ್ದೆ, ಇವತ್ತು ಮಗಳ ಎದುರು ನಾನೇ. ಎತ್ತುತ್ತೇನೆ, ಅಲುಗದ ಹಾಗೆ, ಕೆಳಗೆ ಕೆಂಪು ಗಟ್ಟಿ, ಮೇಲೆ ತಿಳಿ, ಅವಳದು ನನ್ನದು ಎರಡೂ ಒಂದೇ ಬಣ್ಣ, ಚೀಟಿ ಓದದಿದ್ದರೆ ಯಾವುದು ಯಾರದೆಂದು ನನಗೂ ಗೊತ್ತಾಗುವುದಿಲ್ಲ, ಎರಡಕ್ಕೂ ಕಡುನೀಲಿ ಮುಚ್ಚಳ, ರಕ್ತದ ಸತು ಅಳೆಯಲು ಅದೇ ಮುಚ್ಚಳ, ಬೇರೆ ಯಾವುದೂ ಆಗದು, ಹಾಗೆಂದು ದೊಡ್ಡ ಅಕ್ಷರದಲ್ಲಿ ಬರೆದು ಈ ಗೋಡೆಗೆ ಅಂಟಿಸಿದವನು ನಾನೇ. ಇನ್ನು ಹದಿನೈದು ನಿಮಿಷ. ದೊಡ್ಡ ಯಂತ್ರದ ಬಾಯಿಗೆ ಎರಡನ್ನೂ ಕೊಟ್ಟರೆ ಹದಿನೈದು ನಿಮಿಷದಲ್ಲಿ ಎರಡು ಅಂಕೆ ಬರುತ್ತವೆ, ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಕಡಿಮೆ, ಎಪ್ಪತ್ತರಿಂದ ನೂರಿಪ್ಪತ್ತರೊಳಗೆ ಬಂದರೆ ಎಲ್ಲ ಸರಿ, ಮತ್ತು ನಾನು, ಹದಿನಾರು ವರ್ಷದ ಮಗಳ ಅಪ್ಪ, ಎಲ್ಲ ಸರಿ ಇರದಿರಲಿ ಎಂದು ಹಲ್ಲು ಕಚ್ಚಿ ಬೇಡುತ್ತಿದ್ದೇನೆ, ಮಗಳ ರಕ್ತದಲ್ಲಿ ಒಂದು ಲೋಹ ಕಡಿಮೆ ಇರಲಿ ಎಂದು ಯಾವ ಅಪ್ಪ ಬೇಡುತ್ತಾನೆ, ನಾನು ಬೇಡುತ್ತಿದ್ದೇನೆ, ಕಡಿಮೆ ಇದ್ದರೆ ತಪ್ಪು ಸತುವಿನದು, ಅಂಗಡಿಯಲ್ಲಿ ಮಾತ್ರೆ ಸಿಗುತ್ತದೆ, ಇಲ್ಲದಿದ್ದರೆ ತಪ್ಪು ಈ ಗಾಜಿನಲ್ಲಿ ಕಾಣುತ್ತಿದೆಯಲ್ಲ, ಈ ಮುಖದ್ದು.

ಜರಡಿ ಎಂದು ಕರೆಯುತ್ತಿದ್ದರು ನನ್ನನ್ನು ಶಾಲೆಯಲ್ಲಿ. ಲೇ ಜರಡಿ, ಹಿಟ್ಟು ತರಲಾ, ಸೋಸ್ತೀಯಾ. ನಗುತ್ತಿದ್ದೆ, ಎಲ್ಲರಿಗಿಂತ ಮೊದಲು ನಾನೇ ನಗುತ್ತಿದ್ದೆ, ಮೊದಲು ನಕ್ಕವನಿಗೆ ಕಡಿಮೆ ನೋವು ಎಂದು ಯಾರೋ ಹೇಳಿಕೊಟ್ಟ ಹಾಗೆ. ಅದೆಲ್ಲ ಆರಿಹೋಯಿತು, ಕೆಲಸ ಸಿಕ್ಕಿತು, ಮದುವೆಯಾಯಿತು, ಇವಳು ಮನೆಗೆ ಬಂದಳು, ಗುಳಿ ಉಳಿಯಿತು, ನೋಡಿ ನೋಡಿ ನನಗೂ ಇವಳಿಗೂ ಅಭ್ಯಾಸವಾಯಿತು, ಮಗಳು ಹುಟ್ಟಿದಾಗ ಅವಳ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿದ್ದು ನೆನಪಿದೆ, ಬೆರಳ ತುದಿಯಿಂದ ಮುಟ್ಟಲು ಭಯ, ಅಂಟಿಬಿಡುತ್ತದೇನೋ ಎಂದು, ಎಂಥ ಹುಚ್ಚು. ಹದಿನೈದಕ್ಕೆ ಅವಳ ಹಣೆಯಲ್ಲಿ ಒಂದು ಮೊಡವೆ, ನಂತರ ಗಲ್ಲ, ನಂತರ ಬೆನ್ನು. ಬೆನ್ನಿನದು ನನಗೆ ಗೊತ್ತೇ ಇರಲಿಲ್ಲ. ಅವಳು ನೀರಿನ ಹುಡುಗಿ, ಏಳನೇ ವಯಸ್ಸಿನಿಂದ ಈಜುತ್ತಾಳೆ, ನನ್ನಮ್ಮ ಅವಳನ್ನು ಮೀನು ಎಂದೇ ಕರೆಯುವುದು, ಮೀನು ಬಂತಾ, ಮೀನಿಗೆ ಊಟ ಆಯ್ತಾ. ಒಂದು ದಿನ ಹಿತ್ತಲಿನ ಹಗ್ಗದಿಂದ ಬಟ್ಟೆ ತೆಗೆಯುವಾಗ ಕೈಗೆ ಸಿಕ್ಕಿದ್ದು ಅವಳ ಈಜಿನ ಟವಲು, ಬೆಳಿಗ್ಗೆ ಇಸ್ತ್ರಿ ಮಾಡಿದ ಮಡಿಕೆ ಹಾಗೇ ಇತ್ತು, ಅದರ ಮಾರನೆ ದಿನವೂ ಹಾಗೇ ಇತ್ತು, ಒದ್ದೆಯಾಗದ ಟವಲನ್ನು ಒಣಹಾಕುತ್ತಿದ್ದಳು, ನಾಲ್ಕು ವಾರ. ಈಜು ಕಲಿಸುವ ಮೇಡಂ ಫೋನು ಮಾಡಿದರು, ಮಗಳಿಗೆ ಹುಷಾರಿಲ್ವಾ ಸಾರ್, ಮುಂದಿನ ತಿಂಗಳು ಸ್ಪರ್ಧೆ ಇದೆ, ರಿಲೇಯಲ್ಲಿ ಕೊನೇ ಸುತ್ತು ಅವಳದ್ದು, ಅವಳಿಲ್ಲ ಅಂದ್ರೆ ನಾಲ್ಕು ಜನರದ್ದೂ ಇಲ್ಲ. ನಾನು ಏನೂ ಕೇಳಲಿಲ್ಲ, ಇವಳೇ ಕೇಳಿದಳು, ಬಾಗಿಲ ಆಚೆಯಿಂದ ನನಗೆ ಕೇಳಿಸಿತು, ಅಮ್ಮಾ ನನ್ನ ಬೆನ್ನು ನೋಡು, ಅವರೆಲ್ಲ ಹಿಂದೆ ನಿಂತ್ಕೊಂಡು ಎಣಿಸ್ತಾರೆ. ಇವಳು ಹೊಲಿಗೆಯವಳು, ಊರಿನ ಅರ್ಧ ಹೆಂಗಸರ ಅಳತೆ ಅವಳ ಪುಸ್ತಕದಲ್ಲಿದೆ, ಆವತ್ತೇ ಕೂತು ಈಜುಡುಗೆಯ ಬೆನ್ನಿಗೆ ಅದೇ ಬಣ್ಣದ ಬಟ್ಟೆ ಕೂಡಿಸಿ ಕುತ್ತಿಗೆಯವರೆಗೆ ಎತ್ತರಿಸಿದಳು, ಅಷ್ಟು ಅಂದದ ಹೊಲಿಗೆ, ಮಗಳು ಹಾಕಿಕೊಂಡು ಒಂದು ಸಲ ನೀರಿಗೆ ಇಳಿದು ಬಂದಳು, ಬಟ್ಟೆ ನೀರು ಕುಡಿದು ಭಾರವಾಯಿತಂತೆ, ಅಮ್ಮಾ ಬೇಜಾರು ಮಾಡ್ಕೋಬೇಡ, ಯಾರನ್ನೋ ಬೆನ್ನ ಮೇಲೆ ಕೂರಿಸ್ಕೊಂಡು ಈಜಿದ ಹಾಗಾಯ್ತು.

ಚರ್ಮದ ಡಾಕ್ಟರು ಮುಲಾಮು ಬರೆದರು, ನಿಧಾನಕ್ಕೆ ಕೆಲಸ ಮಾಡುತ್ತೆ, ಮೂರು ತಿಂಗಳು ತಾಳ್ಮೆ ಬೇಕು ಎಂದರು, ಆಮೇಲೆ ಪೆನ್ನು ಎತ್ತಿ ಹಿಡಿದು ಯೋಚಿಸಿದರು, ಸತು ಒಂದು ನೋಡಿಬಿಡೋಣ, ಮೊಡವೆ ಜಾಸ್ತಿ ಇರೋ ಕೆಲವರಲ್ಲಿ ಅದು ಕಡಿಮೆ ಇರುತ್ತೆ, ಬಾವು ಬೇಗ ಇಳಿಯಲ್ಲ, ಕಡಿಮೆ ಇದ್ರೆ ಮಾತ್ರೆ ಕೊಡ್ತೀನಿ, ಆದ್ರೆ ಅದೇ ಕಾರಣ ಅಂತ ತಲೇಲಿ ಕೂರಿಸ್ಕೋಬೇಡಿ, ಎರಡಕ್ಕೂ ನಂಟಿದೆ ಅಷ್ಟೆ, ನಂಟೇ ಬೇರೆ, ಕಾರಣವೇ ಬೇರೆ. ನಂಟೇ ಬೇರೆ ಕಾರಣವೇ ಬೇರೆ — ಹೇಳುವುದು ಸುಲಭ ಅವರಿಗೆ, ಸತುವಿಗೂ ಮೊಡವೆಗೂ ಬರೀ ನಂಟು ಇರಬಹುದು, ನನಗೂ ಅವಳಿಗೂ ಇರುವ ನಂಟೇ ಕಾರಣವಲ್ಲವೇ, ಅವಳು ನನ್ನ ಮಗಳಾಗಿರದಿದ್ದರೆ ಆ ಚರ್ಮ ಎಲ್ಲಿಂದ ಬರುತ್ತಿತ್ತು. ಮನೆಯಲ್ಲಿ ಅಮ್ಮನಿಗೆ ಹೇಳಿದೆವು, ಅವಳ ಬಲಗಿವಿ ಹೋಗಿ ಐದು ವರ್ಷ, ಎಡಗಿವಿಗೆ ಬಾಯಿಟ್ಟು, ಸತು ಕಡಿಮೆ ಇರಬಹುದಂತೆ ಅಮ್ಮಾ. ಸತ್ವಾನಾ? ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಯಾರು ಹೇಳಿದ್ದು ನನ್ನ ಮೊಮ್ಮಗಳಿಗೆ ಸತ್ವ ಕಡಿಮೆ ಅಂತ, ಆ ಡಾಕ್ಟರ್ ಒಂದು ಸಲ ಇವಳ ಜೊತೆ ನೀರಿಗೆ ಬೀಳಲಿ, ಗೊತ್ತಾಗುತ್ತೆ ಯಾರಿಗೆ ಸತ್ವ ಕಡಿಮೆ ಅಂತ. ಸತ್ವ ಅಲ್ಲ ಅಜ್ಜಿ, ಸತು, ಬಕೆಟ್ಟಿಗೆ ಬಳೀತಾರಲ್ಲ ತುಕ್ಕು ಹಿಡೀದಿರಲಿ ಅಂತ, ಅದು. ಬಕೆಟ್ಟಿಗೆ ಬಳಿಯೋದು ನಿನಗ್ಯಾಕೆ ಮೀನು, ನೀನೇನು ತುಕ್ಕು ಹಿಡಿಯೋ ವಯಸ್ಸಾ, ಬಳಿಯೋದಾದ್ರೆ ನನಗೆ ಬಳೀರಿ. ಮಗಳು ನಕ್ಕಳು, ಎಷ್ಟು ದಿನದ ಮೇಲೆ, ಕೈಯಿಂದ ಗಲ್ಲ ಮುಚ್ಚಿಕೊಳ್ಳುವುದನ್ನು ಮರೆತು ನಕ್ಕಳು, ಅಷ್ಟರಲ್ಲಿ ನನ್ನ ಕಡೆ ನೋಡಿದಳು, ನಗು ನಿಂತಿತು, ಏಕೆ ನಿಂತಿತು ಎಂದು ಆವಾಗ ಗೊತ್ತಾಗಲಿಲ್ಲ.

ಹೋದ ವಾರ, ಮೊದಲ ಸಲ. ನಾನೇ ತೆಗೆಯುತ್ತೇನೆ ಎಂದೆ, ಬೇರೆ ಯಾರ ಕೈಗೆ ಕೊಡಲಿ. ಸೂಜಿಗೆ ಹೆದರದ ಹುಡುಗಿ ಮೇಜಿನ ಮೇಲಿದ್ದ ಕೆಂಪು ಮುಚ್ಚಳದ ಟ್ಯೂಬು ನೋಡಿ ಮುಖ ತಿರುಗಿಸಿದಳು, ಅಪ್ಪಾ ರಕ್ತಕ್ಕೆ ಕೆಂಪು ಮುಚ್ಚಳ ಯಾವ ಪುಣ್ಯಾತ್ಮ ಮಾಡಿದ್ದು, ಬೇರೆ ಬಣ್ಣ ಇಲ್ವಾ. ಚಿಕ್ಕವಳಿದ್ದಾಗ ಬಲೂನು ಆರಿಸುತ್ತಿದ್ದ ದನಿ ಅದು. ಯಾವುದು ಬೇಕು ನೋಡು ಎಂದೆ, ಟ್ಯೂಬುಗಳ ಪೆಟ್ಟಿಗೆಯನ್ನೇ ಅವಳ ಮುಂದೆ ಹಿಡಿದೆ, ಹಸಿರು, ನೇರಳೆ, ಬೂದು, ಹಳದಿ, ಕಡುನೀಲಿ ಬೇರೆ ಡಬ್ಬಿಯಲ್ಲಿ ಕಪಾಟಿನೊಳಗೆ ಇತ್ತು, ಅದು ನೆನಪೇ ಆಗಲಿಲ್ಲ, ಅವಳು ಹಳದಿ ಎತ್ತಿಕೊಟ್ಟಳು, ಇದು ಚೆನ್ನಾಗಿದೆ, ನಾನು ಅಪ್ಪನಾಗಿ ಇಸಿದುಕೊಂಡೆ, ಲ್ಯಾಬಿನವನಾಗಿ ಅಲ್ಲ, ತೆಗೆದೆ, ಅಡ್ಡ ಮಲಗಿಸಿ ಇಟ್ಟೆ, ಮುಚ್ಚಳದ ರಬ್ಬರನ್ನು ರಕ್ತ ಒಂದು ಗಂಟೆ ನೆಕ್ಕುತ್ತ ಮಲಗಿತ್ತು. ನೂರಹದಿನೆಂಟು ಬಂತು. ಎಲ್ಲ ಸರಿ, ಸರಿಗಿಂತ ಸರಿ. ಮನೆಗೆ ಹೋಗಿ ಕಾಗದ ಕೊಟ್ಟೆ, ಅವಳು ಓದಿದಳು, ಹಾಗಾದ್ರೆ ಕಾರಣ ಇಲ್ಲ, ಅಂದಳು, ಸುಮ್ಮನೆ ನಾನು, ಅಷ್ಟೆ. ಕಾಗದವನ್ನು ಸಣ್ಣದಾಗಿ ಮಡಚಿ ಪುಸ್ತಕದೊಳಗೆ ಇಟ್ಟಳು, ನನ್ನ ಮುಖ ನೋಡಿದಳು, ಎದ್ದು ಹೋದಳು. ನಿನ್ನೆ ಬೆಳಿಗ್ಗೆ ಕ್ಲಿನಿಕ್ಕಿನವನೊಬ್ಬ ಸ್ಯಾಂಪಲ್ ಹಿಡಿದು ಬಂದ, ಸತುವಿಗೆ, ಹಳದಿ ಮುಚ್ಚಳದಲ್ಲಿ, ನಾನು ವಾಪಸು ತಳ್ಳಿದೆ, ಏನ್ರೀ ಇದು, ಎಷ್ಟು ಸಲ ಹೇಳೋದು, ಈ ರಬ್ಬರಲ್ಲೇ ಸತು ಇರುತ್ತೆ ರೀ, ರಕ್ತಕ್ಕೆ ಇಳಿದುಬಿಡುತ್ತೆ, ರೋಗಿಯ ಸತು ನೋಡ್ತೀರೋ ಮುಚ್ಚಳದ್ದು ನೋಡ್ತೀರೋ — ಅಲ್ಲಿಗೆ ನನ್ನ ಬಾಯಿ ನಿಂತಿತು. ಅವನು ಕಾಯುತ್ತ ನಿಂತಿದ್ದಾನೆ, ಮುಂದಿನ ಬೈಗುಳಕ್ಕೆ. ಲ್ಯಾಬಿನ ಅಕ್ಕ, ನನಗಿಂತ ಎಂಟು ವರ್ಷ ಮೊದಲು ಇಲ್ಲಿ ಸೇರಿದವಳು, ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಳು, ಏನಾಯ್ತೋ, ಬೈಯೋಕೆ ಪದ ಖಾಲಿಯಾಯ್ತಾ. ನಾನು ಮಗಳಿಗೆ ಮುಚ್ಚಳದ ಸತು ಅಳೆದುಕೊಟ್ಟಿದ್ದೆ.

ಹೇಳಲೇಬೇಕಿತ್ತು, ಹೇಳಿದೆ, ನಿನ್ನೆ ಸಂಜೆ, ಅವಳ ಕೋಣೆಯ ಬಾಗಿಲಲ್ಲಿ ನಿಂತು, ತಪ್ಪಾಯ್ತು ಮಗಳೇ, ಟ್ಯೂಬು ತಪ್ಪಿತು, ಅಂಕೆ ಸುಳ್ಳು, ಇನ್ನೊಂದು ಸಲ ಚುಚ್ಚಬೇಕು. ಅವಳು ಅಂದಳು, ಹಳದಿ ಕೇಳಿದ್ದು ನಾನು. ಕೊಟ್ಟಿದ್ದು ನಾನು, ಎಂದೆ. ಸರಿ, ಚುಚ್ಚು, ಆದ್ರೆ ನಿನ್ನದೂ ನೋಡಬೇಕು, ನನ್ನದೊಂದೇ ಆದ್ರೆ ನಾನು ಬರಲ್ಲ. ನನ್ನದು ಯಾಕೆ ಈಗ, ನನ್ನ ಮೊಡವೆ ಹೋಗಿ ಇಪ್ಪತ್ತೈದು ವರ್ಷ ಆಯ್ತಲ್ಲೇ. ನಿನ್ನದು ಯಾರಾದ್ರೂ ಅಳೆದಿದ್ರಾ ಆವಾಗ? ಇಲ್ಲ. ಹೂಂ, ಅದಕ್ಕೇ. ಇವತ್ತು ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ, ಇಬ್ಬರೂ, ಶಾಲೆಗೆ ರಜೆ. ಅವಳದು ನಾನು ತೆಗೆದೆ, ಕಡುನೀಲಿ, ನೇರ ನಿಲ್ಲಿಸಿ. ನನ್ನದು ಅಕ್ಕ ತೆಗೆದಳು, ಇಪ್ಪತ್ತೆರಡು ವರ್ಷ ಊರವರ ರಕ್ತ ಹೀರಿದೀಯ, ಬಾ, ಇವತ್ತು ಸಿಕ್ಕಿದೀಯ. ಸೂಜಿ ಹೊರಬಂತು, ಅಕ್ಕ ಹತ್ತಿ ಇಟ್ಟಳು, ಒತ್ತಿಕೊಳ್ಳಲು ನಾನು ಎಡಗೈ ತರುವಷ್ಟರಲ್ಲಿ ಅಲ್ಲಿ ಬೇರೊಂದು ಬೆರಳು ಬಂದು ಕೂತಿತ್ತು, ಮಗಳ ಹೆಬ್ಬೆರಳು, ಉಗುರಿನ ನೇರಳೆ ಬಣ್ಣ ಅರ್ಧ ಎದ್ದುಹೋದದ್ದು, ನನ್ನ ಮೊಣಕೈಯ ಒಳಮಡಿಕೆಯಲ್ಲಿ, ಗಟ್ಟಿಯಾಗಿ, ಕೈ ಮಡಚಬೇಡಿ, ನೇರ ಇಟ್ಕೊಳ್ಳಿ, ಐದು ನಿಮಿಷ, ನನ್ನದೇ ದನಿಯಲ್ಲಿ, ನಾನು ದಿನಕ್ಕೆ ನಲವತ್ತು ಸಲ ಹೇಳುವ ಮಾತನ್ನು ನನ್ನದೇ ರಾಗದಲ್ಲಿ, ಅಕ್ಕ ಬಿದ್ದು ಬಿದ್ದು ನಕ್ಕಳು, ನಕ್ಕು ಒಳಗೆ ಹೋದಳು. ನಾವಿಬ್ಬರೇ ಉಳಿದೆವು, ಐದು ನಿಮಿಷ, ಟ್ಯೂಬ್‌ಲೈಟಿನ ಕೆಳಗೆ, ಅವಳು ಅಷ್ಟು ಬೆಳಕಿನಲ್ಲಿ ಅಷ್ಟು ಹತ್ತಿರ ಕೂತು ಎಷ್ಟು ತಿಂಗಳಾಗಿತ್ತು, ನೋಡುತ್ತ ಕೂತಿದ್ದೆ, ಗಲ್ಲದ ಕೆಂಪು, ಹಣೆಯ ಹೊಸದೊಂದು, ಬಹುಶಃ ನೋಡಿದ್ದೇ ತಪ್ಪಾಯಿತು, ಬೆರಳು ತೆಗೆಯದೆ ಅವಳು ಅಂದಳು, ಅಪ್ಪಾ ಇದನ್ನು ಮಾಡ್ಬೇಡ. ಏನನ್ನು? ಹೀಗೆ ನೋಡೋದನ್ನು. ಕಾಲು ತುಳಿದು ಕ್ಷಮಿಸಿ ಅಂತ ನಿಂತೋರ ಥರ ನೋಡ್ತೀಯ ನನ್ನನ್ನು. ಅವರು ಹಿಂದೆ ನಿಂತು ಎಣಿಸಿದ್ರೆ ಎಣಿಸ್ಲಿ, ಅವರು ಹೊರಗಿನೋರು, ಮನೆಗೆ ಬಂದ್ರೆ ನೀನು. ನನ್ನ ಮುಖ ನೋಡಿದ ತಕ್ಷಣ ನಿನ್ನ ಮುಖ ಬಿದ್ದುಹೋಗುತ್ತೆ, ಏನೋ ದೊಡ್ಡದು ಆಗಿಹೋಗಿದೆ ಅಂತ ನನಗೆ ಗೊತ್ತಾಗೋದೇ ಆವಾಗ. ಅಂಕೆ ಕಡಿಮೆ ಬರದಿದ್ರೂ ಹೇಳು, ಫೋನಲ್ಲೇ ಹೇಳು, ಆ ಮುಖ ತರಬೇಡ. ಹೆಬ್ಬೆರಳು ಒತ್ತುತ್ತಲೇ ಇತ್ತು, ಹತ್ತಿಯ ಕೆಳಗೆ ನನ್ನ ನಾಡಿ ಅದಕ್ಕೆ ಬಡಿಯುತ್ತಿತ್ತು, ಅವಳಿಗೆ ಗೊತ್ತಾಗುತ್ತಿತ್ತೇ, ಗೊತ್ತಾಗಿರಬೇಕು.

ಟಿಕ್ ಎಂದಿತು ದೊಡ್ಡ ಯಂತ್ರದ ಪರದೆ. ಅರವತ್ತೊಂದು. ಮೇಲಿನ ಸಾಲು ಅರವತ್ತೊಂದು, ಪಕ್ಕದಲ್ಲಿ ಕೆಳಮುಖದ ಬಾಣ, ಕಡಿಮೆ, ಕಡಿಮೆ, ಎದೆಯೊಳಗೆ ಏನೋ ಜಿಗಿಯಿತು, ನಾಚಿಕೆಗೆಟ್ಟ ಸಂತೋಷ, ಸಿಕ್ಕಿತು ಕಾರಣ, ನಾನಲ್ಲ, ನಾನಲ್ಲ, ಸತು, ದಿನಕ್ಕೊಂದು ಮಾತ್ರೆ, ಒಂದು ಬಟ್ಟಲು ಕುಂಬಳದ ಬೀಜ, ಮುಂದಿನ ತಿಂಗಳ ಕೊನೇ ಸುತ್ತು — ಆಮೇಲೆ ಕಣ್ಣು ಎಡಕ್ಕೆ ಹೋಯಿತು, ವಯಸ್ಸಿನ ಅಂಕಣಕ್ಕೆ. ನಲವತ್ತೇಳು. ಅರವತ್ತೊಂದು ನನ್ನದು. ಕೆಳಗಿನ ಸಾಲು, ಹದಿನಾರು, ತೊಂಬತ್ತನಾಲ್ಕು, ಬಾಣವಿಲ್ಲ, ಏನೂ ಇಲ್ಲ, ಎಲ್ಲ ಸರಿ. ಮುಚ್ಚಳ ಸೇರಿಸಿದ್ದು ಇಪ್ಪತ್ತನಾಲ್ಕೇ, ಅದನ್ನು ಕಳೆದರೂ ಅವಳು ಸರಿಯಾಗಿಯೇ ಇದ್ದಳು, ಕೊರತೆ ನನಗೆ. ನಗು ಬಂತು, ಬಾಯಿಗೆ ಬರದ ನಗು. ಎರಡು ಚೀಟಿ, ಎರಡು ಟ್ಯೂಬು, ಒಂದೇ ಮನೆತನದ ಹೆಸರು, ಅಕ್ಕ ಒಳಗಿದ್ದಾಳೆ, ಕಿತ್ತು ಅದಲು ಬದಲು ಅಂಟಿಸಿ ಮತ್ತೊಮ್ಮೆ ಯಂತ್ರಕ್ಕೆ ಕೊಟ್ಟರೆ ಹದಿನೈದು ನಿಮಿಷ, ಅವಳ ಹೆಸರಿನ ಮುಂದೆ ಅರವತ್ತೊಂದು, ಡಾಕ್ಟರು ಮಾತ್ರೆ ಬರೆಯುತ್ತಾರೆ, ಅವಳು ಕಾರಣವನ್ನು ಕೈಯಲ್ಲಿ ಹಿಡಿದು ನೋಡುತ್ತಾಳೆ, ನೀರು ಕುಡಿದು ನುಂಗುತ್ತಾಳೆ, ಕಾರಣ ಇದ್ದವರು ತಲೆ ಎತ್ತಿ ನಡೆಯುತ್ತಾರೆ — ಚೀಟಿಯ ಮೂಲೆ ನನ್ನ ಉಗುರಿನ ಕೆಳಗೆ ಎದ್ದಿತು, ನಿಜವಾಗಿ ಎದ್ದಿತು, ಕಾಗದ ಬಿಡುವ ಆ ಚಿಕ್ಕ ಸದ್ದು, ಬೇಡದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ರಕ್ತದ ತಾಮ್ರ ಇಳಿಯುತ್ತದೆ, ಗೊತ್ತು, ಅದೆಲ್ಲ ನನಗೆ ಗೊತ್ತು, ಆದರೆ ಉಗುರು ನಿಂತದ್ದು ಅದಕ್ಕಲ್ಲ. ಮೊಣಕೈಯಲ್ಲಿ ಹತ್ತಿ ಇನ್ನೂ ಇದೆ, ಕೈ ಬಾಗಿಸಿದಾಗ ಅದು ಒತ್ತಿತು, ಆ ಜಾಗದಲ್ಲೇ, ಆ ಬೆರಳು ಇದ್ದಲ್ಲೇ. ಹುಸಿ ಅಂಕೆ ಕೊಡುವುದೆಂದರೆ ಅದೇ ನೋಟವನ್ನು ಕಾಗದದ ಮೇಲೆ ಬರೆದುಕೊಟ್ಟ ಹಾಗೆ, ನೀನಿರುವ ಹಾಗೆ ನಿನ್ನನ್ನು ನೋಡಲಾರೆ ಎಂದು ಸಹಿ ಹಾಕಿದ ಹಾಗೆ. ಚೀಟಿಯನ್ನು ಉಜ್ಜಿ ಉಜ್ಜಿ ಅಂಟಿಸಿದೆ, ಮೂಲೆಯಲ್ಲಿ ಒಂದು ಸುಕ್ಕು ಉಳಿಯಿತು, ಉಳಿಯಲಿ.

ಮಗಳು ಫೋನನ್ನು ಎರಡನೇ ರಿಂಗಿಗೇ ಎತ್ತಿದಳು, ಕಾಯುತ್ತಿದ್ದಳು. ತೊಂಬತ್ತನಾಲ್ಕು, ಎಂದೆ, ಒಂದೇ ಉಸಿರಿಗೆ, ನಿನ್ನದು ತೊಂಬತ್ತನಾಲ್ಕು, ಸರಿಯಾಗಿದೆ, ಕಾರಣ ಸತು ಅಲ್ಲ, ಮುಲಾಮು ಹಚ್ಚಬೇಕು, ಕಾಯಬೇಕು, ನನ್ನ ಹಾಗೆ ಗುಳಿ ಬೀಳದಿರಲಿ ಅಂತಲೇ ಡಾಕ್ಟರು ಇಷ್ಟು ಬೇಗ ಶುರು ಮಾಡಿದ್ದು. ಆ ಕಡೆ ಹಿಂದೆಲ್ಲೋ ಇವಳ ಹೊಲಿಗೆ ಯಂತ್ರ ಓಡುತ್ತಿದೆ, ನಿಂತಿತು, ಇವಳೂ ಕೇಳುತ್ತಿದ್ದಾಳೆ. ಗಾಜಿನ ಮುಚ್ಚಳದಲ್ಲಿ ನನ್ನ ಮುಖ ಬೀಳುತ್ತಿದೆ, ಎತ್ತು, ಎತ್ತು ಅದನ್ನು, ಅವಳಿಗೆ ಕಾಣುವುದಿಲ್ಲ, ಆದರೂ ಎತ್ತು. ನಿನ್ನದೆಷ್ಟು, ಅಂದಳು. ಅರವತ್ತೊಂದು. ಕಡಿಮೆನಾ? ಕಡಿಮೆ. ಮೂಗಿನಿಂದ ಹೊರಟ ಒಂದು ಪುಸ್, ಅದು ಅಳುವೇ ಎಂದು ಗಾಬರಿಯಾಯಿತು, ಅಲ್ಲ, ನಗು, ಅಮ್ಮಾ ಅಪ್ಪನಿಗೆ ಕಡಿಮೆಯಂತೆ, ಮಾತ್ರೆ ಅಪ್ಪನಿಗಂತೆ, ಇವಳು ಏನೋ ಅಂದಳು ಕೇಳಿಸಲಿಲ್ಲ, ಮಗಳು ಫೋನಿಗೆ ಮರಳಿದಳು, ದನಿ ಸಣ್ಣದಾಗಿತ್ತು, ನಗು ಮುಗಿದಿತ್ತು, ನನಗೆ ಕಡಿಮೆ ಬರ್ಲಿ ಅಂತ ನಾನೂ ಬೇಡ್ಕೊಂಡಿದ್ದೆ ಅಪ್ಪಾ. ಗೊತ್ತು, ಎಂದೆ. ಈಗ ಬೇಜಾರಾಗಿದೆ. ಆಗಲಿ, ಎಂದೆ. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ಅಲ್ಲೇ ಹಿಡಿದುಕೊಂಡೆ, ಇಪ್ಪತ್ತೆರಡು ವರ್ಷದಲ್ಲಿ ಯಾವ ರಕ್ತವನ್ನೂ ಅಷ್ಟು ಜೋರಾಗಿ ಹಿಡಿದಿಟ್ಟಿರಲಿಲ್ಲ. ನಾಳೆ ಬೆಳಿಗ್ಗೆ ಕೊಳಕ್ಕೆ ಬಿಡ್ತೀಯಾ, ಅಂದಳು, ಈಜ್ತೀನೋ ಇಲ್ವೋ ಗೊತ್ತಿಲ್ಲ, ಅಮ್ಮ ಹೊಲಿದಿದ್ದು ಬೇಡ, ಹಳೇದೇ ಹಾಕ್ಕೊಂಡು ಹೋಗ್ತೀನಿ, ನೀನು ಗೇಟಲ್ಲಿ ನಿಂತ್ಕೋಬೇಡ, ಒಳಗೆ ಬಾ, ಬೆಂಚಲ್ಲಿ ಕೂತ್ಕೋ, ನೋಡು, ನೋಡ್ಬೇಡ ಅಂತ ಹೇಳ್ತಿಲ್ಲ, ನೋಡು, ಸುಮ್ನೆ ನೋಡು. ಹೂಂ ಎಂದೆ, ಎಂದೆನೇ, ಅವಳು ಇಟ್ಟುಬಿಟ್ಟಳು. ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಾಳೆ, ಏನೋ, ಎಷ್ಟು ಬಂತು, ಹೊರಗೆ ಆರು ಜನ ಕೂತಿದ್ದಾರೆ ನೋಡು, ಬಂದೆ ಅಕ್ಕಾ, ಮುಂದಿನವರನ್ನು ಕರೆಯಬೇಕು, ಅಂಗಿಯ ತೋಳು ಮಡಚಿ ಮೇಲೇರಿಸಿ ಎನ್ನಬೇಕು, ಮುಷ್ಟಿ ಬಿಗಿ ಹಿಡಿಯಿರಿ, ಈಗ ಬಿಡಿ, ಹತ್ತಿ, ಒತ್ತಿಕೊಳ್ಳಿ — ನನ್ನ ಹತ್ತಿ ತೆಗೆದು ಬಿಸಾಡಬೇಕು, ರಕ್ತ ಯಾವಾಗಲೋ ನಿಂತಿದೆ, ಅಂಚು ಹಿಡಿದು ಎತ್ತುತ್ತೇನೆ, ಎತ್ತುವುದಿಲ್ಲ, ಐದು ನಿಮಿಷ ಎಂದಿದ್ದಳು, ಮಡಚಬೇಡಿ ಎಂದಿದ್ದಳು, ಕೈ ನೇರ ಚಾಚಿಕೊಂಡು ನಿಂತಿದ್ದೇನೆ, ಬಿಳಿ ಹತ್ತಿ, ನಡುವೆ ಸಾಸಿವೆಯಷ್ಟು ಕೆಂಪು, ಅದರ ಮೇಲೆ ಹೆಬ್ಬೆರಳು, ಅರ್ಧ ಎದ್ದುಹೋದ ನೇರಳೆ ಬಣ್ಣ, ಒತ್ತಿದ ಜೋರಿಗೆ ಬೆಳ್ಳಗಾದ ಉಗುರಿನ ತುದಿ, ಹೆಬ್ಬೆರಳು, ಅವಳ ಹೆಬ್ಬೆರಳು